ಎನ್ನಲಾಗಿದೆ: ಸುದ್ದಿ ಓದುವವರಿಗೆ ಒಂದು ಕೈಪಿಡಿ

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬೆಂಗಳೂರಿನ ಕನ್ನಡ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕುಳಿತು ಬೇರೆಯವರು ಬರೆದದ್ದನ್ನು ತಿದ್ದಿದವನು ನಾನು. ಒಂದು ರಾತ್ರಿ ಹನ್ನೊಂದು ಗಂಟೆಗೆ ನಗರ ಪುಟ ಕಟ್ಟುವಾಗ ಮೂರು ಕಾಲಂ ಜಾಗಕ್ಕೆ ತಲೆಬರಹವೊಂದು ಬೇಕಾಗಿತ್ತು. ಹೂವಿನ ಮಾರುಕಟ್ಟೆಯೊಂದನ್ನು ಬೇರೆಡೆಗೆ ಸಾಗಿಸುವ ಪ್ರಸ್ತಾವ ‘ಇದೆ ಎನ್ನಲಾಗಿದೆ’ ಎಂದು ವರದಿಗಾರ ಬರೆದಿದ್ದ. ನಾನು ‘ಹೂವಿನ ಮಾರುಕಟ್ಟೆ ಎತ್ತಂಗಡಿ?’ ಎಂದು ಬರೆದು ಪುಟ ಬಿಟ್ಟೆ. ಮಾರನೆಯ ಬೆಳಿಗ್ಗೆ ನಮ್ಮ ಬೀದಿಯ ಹೂವಿನಾಕೆ ಕಂಗಾಲಾಗಿ ನಿಂತಿದ್ದಳು. ಆಕೆಗೆ ಓದು ಬಾರದು. ಯಾರೋ ಓದಿ ಹೇಳಿದ್ದರು. ಓದಿ ಹೇಳುವಾಗ ಪ್ರಶ್ನಾರ್ಥಕ ಚಿಹ್ನೆಗೆ ಸದ್ದು ಇರುವುದಿಲ್ಲ ಎಂಬುದು ನನಗೆ ಆವತ್ತು ಹೊಳೆಯಿತು. ಕನ್ನಡದಲ್ಲಿ ಪ್ರಶ್ನೆಯಾಗಬೇಕಾದರೆ ‘ಎತ್ತಂಗಡಿಯೇ’ ಎನ್ನಬೇಕು. ಆ ‘ಏ’ಕಾರವನ್ನು ನುಂಗಿ, ಅದರ ಜಾಗಕ್ಕೆ ಒಂದು ಕೊಕ್ಕೆ ಸಿಕ್ಕಿಸಿದವನು ನಾನೇ. ಅದು ಸುಳ್ಳೇನೂ ಆಗಿರಲಿಲ್ಲ. ಆದರೂ ಮಾರುಕಟ್ಟೆಯ ಮಂದಿ ಒಂದು ವಾರ ಬೇರೆ ಮಾತು ಆಡಲಿಲ್ಲ.

ಮಾಧ್ಯಮದ ಪ್ರಭಾವ ಎಂದರೆ ನಮಗೆ ಮೊದಲು ನೆನಪಾಗುವುದು ಸುಳ್ಳು ಸುದ್ದಿ. ನನ್ನ ಅನುಭವದಲ್ಲಿ ಸುಳ್ಳಿಗಿಂತ ಹೆಚ್ಚು ಕೆಲಸ ಮಾಡುವುದು ಇಂಥ ಕೊಕ್ಕೆಗಳು: ಯಾರು ಹೇಳಿದರು ಎಂಬುದನ್ನು ಮರೆಮಾಡುವ ಕ್ರಿಯಾಪದ, ಯಾವುದನ್ನು ದೊಡ್ಡದಾಗಿ ಹಾಕಬೇಕು ಎಂಬ ಆಯ್ಕೆ, ದುಡ್ಡು ಎಲ್ಲಿಂದ ಬಂತು ಎಂಬ ಮೌನ. ಇವನ್ನು ಓದುಗನೇ ಹಿಡಿಯಬಹುದು. ಅದಕ್ಕೆ ಒಂದು ಪೆನ್ಸಿಲ್, ಒಂದು ನೋಟ್‌ಬುಕ್, ಎರಡು ಬೇರೆ ಬೇರೆ ಸಂಸ್ಥೆಗಳ ದಿನಪತ್ರಿಕೆ ಮತ್ತು ದಿನಕ್ಕೆ ಅರ್ಧ ಗಂಟೆ ಸಾಕು. ಒಂದು ವಾರ ಮಾಡಿ ನೋಡಿ.

1. ಕ್ರಿಯಾಪದಕ್ಕೆ ಗೆರೆ ಎಳೆಯಿರಿ

ಮುಖಪುಟದ ಒಂದು ರಾಜಕೀಯ ವರದಿ ಆರಿಸಿಕೊಳ್ಳಿ. ಪ್ರತಿ ವಾಕ್ಯದ ಕೊನೆಯ ಕ್ರಿಯಾಪದದ ಕೆಳಗೆ ಗೆರೆ ಎಳೆಯಿರಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಈ ಕೆಲಸ ಸಲೀಸು. ಓಡುವ ಕಣ್ಣು ಅಲ್ಲಿಗೆ ತಲುಪುವಷ್ಟರಲ್ಲಿ ಸುದ್ದಿಯನ್ನು ನಂಬಿ ಆಗಿರುತ್ತದೆ ಎಂಬುದೂ ಅದೇ ಕಾರಣದಿಂದ. ‘ಹೇಳಿದರು’, ‘ಆದೇಶಿಸಿತು’, ‘ದಾಖಲಾಗಿದೆ’ ಇವು ಒಂದು ಗುಂಪು. ‘ಎನ್ನಲಾಗಿದೆ’, ‘ತಿಳಿದುಬಂದಿದೆ’, ‘ಗುಸುಗುಸು ಶುರುವಾಗಿದೆ’, ‘ಚರ್ಚೆಗೆ ಗ್ರಾಸವಾಗಿದೆ’ ಇವು ಇನ್ನೊಂದು ಗುಂಪು. ಮೊದಲ ಗುಂಪಿನಲ್ಲಿ ಯಾರಾದರೊಬ್ಬರು ಜವಾಬ್ದಾರರು ಇದ್ದಾರೆ. ಎರಡನೆಯದರಲ್ಲಿ ಕರ್ತೃವೇ ಇಲ್ಲ. ಅಂದವರು ಯಾರು? ತಿಳಿದುಬಂದದ್ದು ಎಲ್ಲಿಂದ? ಗ್ರಾಸ ಹಾಕಿದವರು ಯಾರು?

ನಮ್ಮ ಅಜ್ಜಿಯರ ಮಾತಿನಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಒಂದು ಪ್ರತ್ಯಯವಿತ್ತು: ‘ಅಂತೆ’. ‘ಬಂದನಂತೆ’ ಎಂದಾಗ ಹೇಳುವವಳೇ ‘ನಾನು ಕಂಡಿಲ್ಲ, ಕೇಳಿದ್ದು’ ಎಂದು ಒಪ್ಪಿಕೊಂಡಂತೆ. ‘ಎನ್ನಲಾಗಿದೆ’ ಅದೇ ‘ಅಂತೆ’ಗೆ ಕೋಟು ತೊಡಿಸಿದ ರೂಪ. ಕೋಟು ಕಂಡ ಕೂಡಲೇ ಎದ್ದು ನಿಲ್ಲುವುದು ನಮ್ಮ ಅಭ್ಯಾಸ.

ಗೆರೆ ಎಳೆದ ಮೇಲೆ ಒಂದು ಪರೀಕ್ಷೆ ಮಾಡಿ. ‘ಎನ್ನಲಾಗಿದೆ’ ಇರುವ ಕಡೆಯೆಲ್ಲ ‘ಅಂತೆ’ ಹಾಕಿ ಗಟ್ಟಿಯಾಗಿ ಓದಿ. ‘ಕೆರೆ ಒತ್ತುವರಿ ತೆರವಿಗೆ ಅಧಿಕಾರಿಗಳು ಹಿಂದೇಟು ಹಾಕುತ್ತಿದ್ದಾರೆ ಎನ್ನಲಾಗಿದೆ’ ಎಂಬುದು ‘ಹಿಂದೇಟು ಹಾಕುತ್ತಿದ್ದಾರಂತೆ’ ಆಗುತ್ತದೆ. ವರದಿ ಆಗಲೂ ಗಟ್ಟಿಯಾಗಿ ನಿಂತರೆ, ಅಂದರೆ ಸರ್ವೆ ನಂಬರು, ನೋಟಿಸಿನ ದಿನಾಂಕ, ಅಧಿಕಾರಿಯ ಪ್ರತಿಕ್ರಿಯೆ ಅದರೊಳಗೆ ಇದ್ದರೆ, ಅದು ವರದಿಯೇ. ‘ಅಂತೆ’ ಹಾಕಿದ ಕೂಡಲೇ ಕುಸಿದರೆ ಅದು ಕಟ್ಟೆಪುರಾಣ.

ಹೆಸರು ಹೇಳದ ಮೂಲಗಳೆಲ್ಲ ಕಳ್ಳಮೂಲಗಳಲ್ಲ. ಕಚೇರಿಯೊಳಗಿನ ಅಕ್ರಮವನ್ನು ಹೊರಗೆ ಹಾಕುವ ಗುಮಾಸ್ತ ಹೆಸರು ಹಾಕಿಸಿಕೊಂಡರೆ ಮರುದಿನವೇ ವರ್ಗವಾಗುತ್ತಾನೆ. ವ್ಯತ್ಯಾಸ ಗುರುತಿಸುವ ದಾರಿ ಸುಲಭ. ಒಳ್ಳೆಯ ವರದಿಗಾರ ಮೂಲದ ಹೆಸರು ಮುಚ್ಚಿಟ್ಟು ಕಡತವನ್ನು ತೋರಿಸುತ್ತಾನೆ. ಸೋಮಾರಿ ವರದಿಗಾರ ಎರಡನ್ನೂ ಮುಚ್ಚಿಡುತ್ತಾನೆ.

2. ಮುಖಪುಟವನ್ನು ಸ್ಕೇಲು ಹಿಡಿದು ಅಳೆಯಿರಿ

ತಮಾಷೆಯಲ್ಲ, ನಿಜವಾಗಿಯೂ ಸ್ಕೇಲು. ಎರಡೂ ಪತ್ರಿಕೆಗಳ ಮುಖಪುಟದಲ್ಲಿ ಯಾವ ವಿಷಯಕ್ಕೆ ಎಷ್ಟು ಜಾಗ ಎಂದು ನೋಟ್‌ಬುಕ್ಕಿನಲ್ಲಿ ಗುರುತು ಮಾಡಿ. ಜಾಹೀರಾತಿನ ಜಾಗವನ್ನೂ ಬರೆದುಕೊಳ್ಳಿ. ರಾತ್ರಿ ಒಂಬತ್ತಕ್ಕೆ ಯಾವುದಾದರೂ ವಾಹಿನಿ ಹಾಕಿ ಹದಿನೈದು ನಿಮಿಷಕ್ಕೊಮ್ಮೆ ವಿಷಯ ಏನು ಎಂದು ಬರೆಯಿರಿ. ಏಳು ದಿನ ಕಳೆದ ಮೇಲೆ ಆ ಪಟ್ಟಿಯ ಪಕ್ಕದಲ್ಲಿ ಅದೇ ವಾರ ನಿಮ್ಮ ಮನೆಯಲ್ಲಿ, ಬಸ್ಸಿನಲ್ಲಿ, ದರ್ಶಿನಿಯ ನಿಲುವು ಮೇಜಿನ ಬಳಿ ನೀವು ಆಡಿದ ಮಾತುಗಳ ಪಟ್ಟಿ ಇಡಿ. ಎರಡೂ ಎಷ್ಟು ಹೋಲುತ್ತವೆ ಎಂದು ನೋಡಿದಾಗ ಸ್ವಲ್ಪ ನಾಚಿಕೆಯಾಗುತ್ತದೆ. ನನಗಂತೂ ಆಯಿತು.

ಈ ಕೆಲಸವನ್ನು ಶಾಸ್ತ್ರೀಯವಾಗಿ ಮಾಡಿದವರು ಅಮೆರಿಕದ ಮಾಧ್ಯಮ ಸಂಶೋಧಕರಾದ ಮ್ಯಾಕ್ಸ್‌ವೆಲ್ ಮೆಕ್‌ಕೂಂಬ್ಸ್ ಮತ್ತು ಡೊನಾಲ್ಡ್ ಶಾ. 1968ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಹೊತ್ತಿಗೆ ಚಾಪೆಲ್ ಹಿಲ್ ಎಂಬ ಊರಿನಲ್ಲಿ, ಯಾರಿಗೆ ಮತ ಎಂದು ಇನ್ನೂ ನಿರ್ಧರಿಸದ 100 ಮತದಾರರನ್ನು ‘ಈಗಿನ ಮುಖ್ಯ ವಿಷಯ ಯಾವುದು’ ಎಂದು ಕೇಳಿದರು. ಅವರು ಕೊಟ್ಟ ಕ್ರಮ ಮತ್ತು ಅಲ್ಲಿನ ಮಾಧ್ಯಮಗಳು ವಿಷಯಗಳಿಗೆ ಕೊಟ್ಟ ಮಹತ್ವದ ಕ್ರಮ ಹೆಚ್ಚುಕಡಿಮೆ ಒಂದೇ ಆಗಿತ್ತು. ಅಂದರೆ ಪತ್ರಿಕೆ ನಿಮ್ಮ ಅಭಿಪ್ರಾಯವನ್ನು ಬದಲಿಸಲಾರದೆ ಇರಬಹುದು, ಆದರೆ ಯಾವುದರ ಬಗ್ಗೆ ಅಭಿಪ್ರಾಯ ಇರಬೇಕು ಎಂಬುದನ್ನು ಅದೇ ನಿಗದಿ ಮಾಡುತ್ತದೆ.

ಇನ್ನು ಪಟ್ಟಿಯಲ್ಲಿ ಏನು ಇಲ್ಲ ಎಂದು ನೋಡಿ. ಇದು ಕಷ್ಟ, ಇಲ್ಲದ್ದು ಕಣ್ಣಿಗೆ ಬೀಳುವುದಿಲ್ಲವಲ್ಲ. ನಮ್ಮ ಊರಿನದೇ ಉದಾಹರಣೆ ತೆಗೆದುಕೊಳ್ಳಿ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ (ಬಿಬಿಎಂಪಿ) ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. ಆ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಅದಾಗಿ ಐದು ವರ್ಷ, ಅಂದರೆ ಒಂದು ಪೂರ್ತಿ ಅವಧಿ, ಇಷ್ಟು ದೊಡ್ಡ ನಗರಕ್ಕೆ ಒಬ್ಬ ಕಾರ್ಪೊರೇಟರ್ ಕೂಡ ಇರಲಿಲ್ಲ. ಆಡಳಿತಾಧಿಕಾರಿಗಳೇ ಬಜೆಟ್ ಮಂಡಿಸಿದರು. 2025ರಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು, ನಗರ ಐದು ಪಾಲಿಕೆಗಳಾಗಿ ಹಂಚಿಹೋಯಿತು. ಪತ್ರಿಕೆಗಳು ಇದನ್ನು ಬರೆಯಲಿಲ್ಲ ಎಂದರೆ ಅನ್ಯಾಯವಾದೀತು, ಬರೆದವು. ಆದರೆ ‘ಇಂದೂ ಚುನಾವಣೆ ನಡೆಯಲಿಲ್ಲ’ ಎಂಬುದು ಯಾವ ದಿನದ ತಲೆಬರಹ? ಆದದ್ದು ಸುದ್ದಿ, ಆಗದೆ ಇರುವುದು ಸುದ್ದಿಯಲ್ಲ ಎಂಬುದು ಡೆಸ್ಕಿನ ಹಳೆಯ ಲೆಕ್ಕ. ಗುಂಡಿಗೆ ಬಿದ್ದವರ ಚಿತ್ರ ಮುಖಪುಟಕ್ಕೆ ಬರುತ್ತದೆ. ಗುಂಡಿಯ ಬಗ್ಗೆ ಕೇಳಬೇಕಾದ ಕುರ್ಚಿ ಖಾಲಿ ಇದ್ದದ್ದು ಒಳಪುಟದ ಎರಡು ಕಾಲಂ.

ಹಾಗಾಗಿ ನೋಟ್‌ಬುಕ್ಕಿನ ಕೊನೆಯ ಹಾಳೆಯನ್ನು ‘ಆಗದೆ ಇರುವುದು’ ಎಂಬ ಪಟ್ಟಿಗೆ ಮೀಸಲಿಡಿ. ನಿಮ್ಮ ವಾರ್ಡಿನ ಐದು ಸಂಗತಿ ಸಾಕು.

3. ಟಿವಿಯ ಸದ್ದು ತೆಗೆಯಿರಿ

ಹತ್ತು ನಿಮಿಷ ಮ್ಯೂಟ್ ಮಾಡಿ ಬರೀ ಚಿತ್ರ ನೋಡಿ. ಒಂದೇ ದೃಶ್ಯ ಎಷ್ಟು ಸಲ ತಿರುಗಿತು ಎಂದು ಎಣಿಸಿ. 2016ರ ಸೆಪ್ಟೆಂಬರ್ 12ರಂದು ಕಾವೇರಿ ನೀರಿನ ಆದೇಶ ಹೊರಬಿದ್ದ ದಿನ ಬೆಂಗಳೂರಿನ ಡಿಪೊವೊಂದರಲ್ಲಿ ತಮಿಳುನಾಡು ನೋಂದಣಿಯ ನಲವತ್ತಕ್ಕೂ ಹೆಚ್ಚು ಖಾಸಗಿ ಬಸ್ಸುಗಳು ಉರಿದವು. ಉರಿದದ್ದು ಒಂದು ಸಲ. ಮನೆಯೊಳಗಿನ ಪರದೆಯ ಮೇಲೆ ಅವು ಮಧ್ಯರಾತ್ರಿಯವರೆಗೂ ಉರಿಯುತ್ತಲೇ ಇದ್ದವು. ಪಕ್ಕದ ಬೀದಿ ಶಾಂತವಾಗಿದೆ ಎಂಬುದು ಕಿಟಕಿ ತೆರೆದರೆ ಕಾಣುತ್ತಿತ್ತು, ಆದರೆ ನಾವು ನೋಡುತ್ತಿದ್ದದ್ದು ಬೇರೆ ಕಿಟಕಿಯನ್ನು. ದೃಶ್ಯದ ಮೂಲೆಯಲ್ಲಿ ಸಮಯ ಮತ್ತು ಸ್ಥಳ ಹಾಕಿದ್ದಾರೆಯೇ ಎಂದು ನೋಡುವುದು ಇಲ್ಲಿನ ಮುಖ್ಯ ಪಾಠ. ಹಾಕದಿದ್ದರೆ ಅದು ನಿನ್ನೆಯದೂ ಆಗಿರಬಹುದು.

ಟಿಆರ್‌ಪಿ, ಅಂದರೆ ಯಾವ ಕಾರ್ಯಕ್ರಮವನ್ನು ಎಷ್ಟು ಮಂದಿ ನೋಡಿದರು ಎಂಬ ಲೆಕ್ಕ, ಎಲ್ಲರ ಬಾಯಲ್ಲೂ ಇರುವ ಪದ. ಅದರ ಅಳತೆ ನಡೆಯುವುದು ದೇಶದಾದ್ಯಂತ 50 ಸಾವಿರ ಚಿಲ್ಲರೆ ಮನೆಗಳಲ್ಲಿ ಇಟ್ಟ ಮೀಟರುಗಳಿಂದ. ಅಕ್ರಮದ ಆರೋಪ ಬಂದಾಗ 2020ರ ಅಕ್ಟೋಬರ್‌ನಿಂದ 2022ರ ಮಾರ್ಚ್‌ವರೆಗೆ ಸುದ್ದಿವಾಹಿನಿಗಳ ರೇಟಿಂಗನ್ನೇ ನಿಲ್ಲಿಸಲಾಗಿತ್ತು. ರೇಟಿಂಗ್ ನಿಂತ ಆ ಒಂದೂವರೆ ವರ್ಷದಲ್ಲಿ ಕೂಗಾಟ ಕಡಿಮೆಯಾಯಿತೇ ಎಂದರೆ, ನನಗೆ ಹಾಗೇನೂ ಕೇಳಿಸಲಿಲ್ಲ.

4. ಮೊಬೈಲಿಗೆ ಬಂದದ್ದನ್ನು ಒಂದು ರಾತ್ರಿ ಇಟ್ಟುಕೊಳ್ಳಿ

2012ರ ಆಗಸ್ಟ್‌ನಲ್ಲಿ ಮೆಜೆಸ್ಟಿಕ್ಕಿನ ರೈಲು ನಿಲ್ದಾಣ ಕಂಡವರಿಗೆ ಈ ಹೆಜ್ಜೆಯ ವಿವರಣೆ ಬೇಡ. ಈಶಾನ್ಯ ರಾಜ್ಯಗಳ ಜನರ ಮೇಲೆ ದಾಳಿಯಾಗಲಿದೆ ಎಂಬ ಎಸ್‌ಎಂಎಸ್‌ಗಳು ಹರಿದಾಡಿ, ಎರಡು ಮೂರು ದಿನಗಳಲ್ಲಿ ಸಾವಿರಾರು ಮಂದಿ ಸೂಟ್‌ಕೇಸು, ಗಿಟಾರು, ಕಂಕುಳ ಕೂಸು ಸಮೇತ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಕೇಂದ್ರ ಸರ್ಕಾರ ಒಂದೇ ಸಲಕ್ಕೆ ಐದಕ್ಕಿಂತ ಹೆಚ್ಚು ಮಂದಿಗೆ ಎಸ್‌ಎಂಎಸ್ ಕಳಿಸದಂತೆ ಹದಿನೈದು ದಿನ ನಿರ್ಬಂಧ ಹೇರಿತು. ಆಗ ವಾಟ್ಸ್‌ಆ್ಯಪ್ ಈಗಿನಷ್ಟು ಹಬ್ಬಿರಲಿಲ್ಲ. ಅದು ಹಬ್ಬಿದ ಮೇಲೆ 2018ರ ಮೇ ತಿಂಗಳಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸಂದೇಶ ಊರೆಲ್ಲ ಸುತ್ತುತ್ತಿದ್ದಾಗ, ಕೆಲಸ ಹುಡುಕಿ ಬಂದಿದ್ದ ರಾಜಸ್ಥಾನದ ಯುವಕನೊಬ್ಬನನ್ನು ಚಾಮರಾಜಪೇಟೆಯಲ್ಲಿ ಗುಂಪು ಹೊಡೆದು ಕೊಂದಿತು. ಅದೇ ವರ್ಷದ ಜುಲೈನಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಐದು ಕಡೆಗೆ ಮಾತ್ರ ದಾಟಿಸಬಹುದು ಎಂಬ ಮಿತಿ ಬಂತು.

ಮಾಡಬೇಕಾದದ್ದು ಇಷ್ಟು. ಸಂದೇಶದ ಮೇಲೆ ಎರಡು ಬಾಣದ ಗುರುತು ಇದ್ದರೆ ಅದು ಕಡಿಮೆಯೆಂದರೂ ಐದು ಕೈ ದಾಟಿ ಬಂದಿದೆ ಎಂದರ್ಥ. ಕಳಿಸಿದವರು ಚಿಕ್ಕಪ್ಪನೇ ಆಗಿರಲಿ, ಬರೆದವರು ಚಿಕ್ಕಪ್ಪನಲ್ಲ. ಚಿತ್ರವಿದ್ದರೆ ಗೂಗಲ್ ಲೆನ್ಸ್‌ನಲ್ಲಿ ಹುಡುಕಿ, ಅದು ಮೊದಲು ಯಾವಾಗ ಎಲ್ಲಿ ಕಾಣಿಸಿಕೊಂಡಿತು ಎಂದು ನೋಡಿ. ಸುತ್ತೋಲೆಯಾದರೆ ಪತ್ರದ ಸಂಖ್ಯೆ, ದಿನಾಂಕ, ಸಹಿ ಈ ಮೂರನ್ನು ನೋಡಿ. ಮಳೆಗಾಲದಲ್ಲಿ ಬರುವ ‘ನಾಳೆ ಶಾಲೆಗೆ ರಜೆ’ ಸುತ್ತೋಲೆಗಳಲ್ಲಿ ಎಷ್ಟೋ ಹಿಂದಿನ ವರ್ಷದವೇ, ದಿನಾಂಕದ ಭಾಗ ಮಾತ್ರ ಕತ್ತರಿಸಿರುತ್ತದೆ. ಇಷ್ಟಕ್ಕೂ ಸಮಯವಿಲ್ಲದಿದ್ದರೆ ಒಂದು ರಾತ್ರಿ ಇಟ್ಟುಕೊಳ್ಳಿ. ಸೊಪ್ಪು ಬಾಡಿದ ಹಾಗೆ ಅರ್ಧಕ್ಕರ್ಧ ವದಂತಿ ಬೆಳಗಾಗುವಷ್ಟರಲ್ಲಿ ಬಾಡಿರುತ್ತದೆ.

ಮನೆಯವರ ಗುಂಪಿನಲ್ಲಿ ‘ಇದು ಸುಳ್ಳು’ ಎಂದು ಹಾಕಬೇಡಿ, ಹಬ್ಬದ ಊಟಕ್ಕೆ ಕರೆಯುವುದನ್ನು ನಿಲ್ಲಿಸುತ್ತಾರೆ. ‘ಇದು ಎಲ್ಲಿಂದ ಬಂತು, ನನಗೂ ಮೂಲ ಕಳಿಸುತ್ತೀರಾ?’ ಎಂದು ಕೇಳಿ.

5. ಪತ್ರಿಕೆಯನ್ನು ಇಷ್ಟು ಅಗ್ಗಕ್ಕೆ ಹೇಗೆ ಕೊಡುತ್ತಾರೆ ಎಂದು ಕೇಳಿಕೊಳ್ಳಿ

ಪತ್ರಿಕೆಯೊಂದರ ಕಾಗದದ ಖರ್ಚಿಗೂ ಅದರ ಬೆಲೆ ಸಾಲದು. ಉಳಿದದ್ದನ್ನು ತುಂಬುವುದು ಜಾಹೀರಾತು. ಬೆಂಗಳೂರಿನಲ್ಲಿ ಅದು ಬಹುಪಾಲು ರಿಯಲ್ ಎಸ್ಟೇಟ್, ಚಿನ್ನ, ಕೋಚಿಂಗ್ ಸಂಸ್ಥೆ ಮತ್ತು ಸರ್ಕಾರ. ಮನೆ ನಿವೇಶನದ ಪುರವಣಿಯಲ್ಲಿ ಕೆರೆ ಒತ್ತುವರಿಯ ಲೇಖನ ಹುಡುಕಿ ನೋಡಿ, ಸಿಕ್ಕರೆ ಆ ಪತ್ರಿಕೆಗೆ ನಮಸ್ಕಾರ ಹಾಕಿ. ಸಾಕಷ್ಟು ‘ಲೇಖನ’ಗಳ ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ‘ಜಾಹೀರಾತು’ ಅಥವಾ ‘ಪ್ರಾಯೋಜಿತ’ ಎಂದಿರುತ್ತದೆ. ಕನ್ನಡಕ ಒರೆಸಿಕೊಂಡು ನೋಡಿ.

ಒಡೆಯ ಯಾರು ಎಂಬುದು ಬಚ್ಚಿಟ್ಟ ವಿಷಯವೇನೂ ಅಲ್ಲ. ಮುದ್ರಕರು, ಪ್ರಕಾಶಕರು, ಸಂಪಾದಕರ ಹೆಸರಿನ ಸಾಲು ಪತ್ರಿಕೆಯ ಯಾವುದಾದರೊಂದು ಪುಟದ ಅಡಿಯಲ್ಲಿ ಇರುತ್ತದೆ. ವಾಹಿನಿ ಕಂಪನಿಯಾಗಿದ್ದರೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಅದರ ವಿವರ ಸಿಗುತ್ತದೆ. ನಿರ್ದೇಶಕರ ಹೆಸರುಗಳನ್ನು ಚುನಾವಣಾ ಕಣದ ಹೆಸರುಗಳ ಜೊತೆ ಹೋಲಿಸಿ ನೋಡುವುದು ನನಗೆ ಪದಬಂಧಕ್ಕಿಂತ ಇಷ್ಟದ ಕೆಲಸ.

ಚುನಾವಣೆ ಬಂದಾಗ ಮಾತ್ರ ವಿಶೇಷ ಎಚ್ಚರ ಬೇಕು. ‘ಕಾಸಿಗಾಗಿ ಸುದ್ದಿ’, ಅಂದರೆ ದುಡ್ಡು ಪಡೆದು ಸುದ್ದಿಯ ವೇಷದಲ್ಲಿ ಹಾಕುವ ಪ್ರಚಾರ, ಹಿಡಿಯುವ ಸುಲಭ ಉಪಾಯವೆಂದರೆ ಎರಡು ಪತ್ರಿಕೆಗಳನ್ನು ಅಕ್ಕಪಕ್ಕ ಇಡುವುದು. ಒಬ್ಬನೇ ಅಭ್ಯರ್ಥಿಯ ಬಗ್ಗೆ ಒಂದೇ ವಾಕ್ಯ, ಒಂದೇ ವಿಶೇಷಣ, ಒಂದೇ ಚಿತ್ರ ಎರಡರಲ್ಲೂ ಬಂದರೆ ಬರೆದ ಕೈ ವರದಿಗಾರನದಲ್ಲ. ಉತ್ತರ ಪ್ರದೇಶದ ಶಾಸಕಿ ಉಮ್ಲೇಶ್ ಯಾದವ್ ಅವರನ್ನು ಚುನಾವಣಾ ಆಯೋಗ 2011ರಲ್ಲಿ ಮೂರು ವರ್ಷ ಅನರ್ಹಗೊಳಿಸಿದ್ದು ಇಂಥ ಸುದ್ದಿಯ ಖರ್ಚನ್ನು ಲೆಕ್ಕದಲ್ಲಿ ತೋರಿಸದ ಕಾರಣಕ್ಕೇ. ಪ್ರತಿ ಜಿಲ್ಲೆಯಲ್ಲೂ ಆಯೋಗದ ಮಾಧ್ಯಮ ಪ್ರಮಾಣೀಕರಣ ಮತ್ತು ಉಸ್ತುವಾರಿ ಸಮಿತಿ ಇರುತ್ತದೆ. ಎರಡೂ ತುಣುಕುಗಳನ್ನು ಕತ್ತರಿಸಿ ಅದಕ್ಕೆ ಕಳಿಸಿ. ಮನೆ ಬಾಗಿಲಿಗೆ ಬಂದ ಕರಪತ್ರದಲ್ಲಿ ಮುದ್ರಕ ಮತ್ತು ಪ್ರಕಾಶಕರ ಹೆಸರು, ವಿಳಾಸ ಇಲ್ಲದಿದ್ದರೆ ಅದೂ ಅಪರಾಧವೇ; ಜನಪ್ರತಿನಿಧಿ ಕಾಯಿದೆಯ 127ಎ ವಿಧಿ ನೋಡಿ.

6. ದೂರು ಕೊಡುವ ಮುನ್ನ: ಕೇಳುವುದು ತಿದ್ದುಪಡಿಯನ್ನು, ಬಾಯಿ ಮುಚ್ಚಿಸುವುದನ್ನಲ್ಲ

ಇಷ್ಟೆಲ್ಲ ಮಾಡಿದ ಮೇಲೆ ಸಿಟ್ಟು ಬರುತ್ತದೆ. ‘ಇವನ್ನೆಲ್ಲ ಮುಚ್ಚಿಸಬೇಕು’ ಅನ್ನಿಸುತ್ತದೆ. ಅನ್ನಿಸಿದ ದಿನ ಶೇಷಾದ್ರಿ ರಸ್ತೆಯ ಫ್ರೀಡಂ ಪಾರ್ಕಿಗೆ ಹೋಗಿ ಬನ್ನಿ. ಅದು ಹಳೆಯ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿ ಘೋಷಣೆಯಾದ ಮರುದಿನ, 1975ರ ಜೂನ್ 26ರಂದು, ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ ಮೊದಲಾದವರನ್ನು ಬಂಧಿಸಿ ಇಟ್ಟದ್ದು ಇಲ್ಲೇ. ನಟಿ ಸ್ನೇಹಲತಾ ರೆಡ್ಡಿ ತಿಂಗಳುಗಟ್ಟಲೆ ಇಲ್ಲೇ ನರಳಿ, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು. ಒಳಗೆ ಯಾರಿದ್ದಾರೆ ಎಂಬುದು ಹೊರಗಿನ ಓದುಗನಿಗೆ ತಿಳಿಯದಂತೆ ನೋಡಿಕೊಳ್ಳುವುದೇ ಸೆನ್ಸಾರಿನ ಕೆಲಸ.

ನಮ್ಮ ಸಂವಿಧಾನದಲ್ಲಿ ‘ಪತ್ರಿಕಾ ಸ್ವಾತಂತ್ರ್ಯ’ ಎಂಬ ಪದವೇ ಇಲ್ಲ. 19(1)(ಎ) ವಿಧಿಯಲ್ಲಿ ಎಲ್ಲ ನಾಗರಿಕರಿಗೂ ಇರುವ ವಾಕ್ ಸ್ವಾತಂತ್ರ್ಯದ ಒಳಗೇ ಅದು ಅಡಗಿದೆ. 1950ರ ಮೇ 26ರಂದು ಸುಪ್ರೀಂ ಕೋರ್ಟ್ ಒಂದೇ ದಿನ ಎರಡು ತೀರ್ಪು ಕೊಟ್ಟಿತು. ಒಂದು ಎಡಪಂಥೀಯ ವಾರಪತ್ರಿಕೆ ‘ಕ್ರಾಸ್ ರೋಡ್ಸ್’ ಪರವಾಗಿ, ಇನ್ನೊಂದು ಆರ್‌ಎಸ್‌ಎಸ್ ವಿಚಾರಧಾರೆಯ ‘ಆರ್ಗನೈಸರ್’ ಪರವಾಗಿ. ಎರಡೂ ಪತ್ರಿಕೆಗಳ ಓದುಗರು ಒಬ್ಬರ ಮುಖ ಒಬ್ಬರು ನೋಡುವವರಲ್ಲ, ಆದರೆ ಇಬ್ಬರಿಗೂ ಸಿಕ್ಕ ಹಕ್ಕು ಒಂದೇ. ಮರುವರ್ಷವೇ ಮೊದಲ ತಿದ್ದುಪಡಿ ಬಂದು ‘ಸಾರ್ವಜನಿಕ ಸುವ್ಯವಸ್ಥೆ’ಯ ಹೆಸರಿನಲ್ಲಿ ನಿರ್ಬಂಧ ಹೇರಲು ದಾರಿಯಾಯಿತು. ನಮ್ಮ ಮೈಸೂರು ಸಂಸ್ಥಾನಕ್ಕೂ ಇದು ಹೊಸದಲ್ಲ. 1908ರಲ್ಲಿ ಪತ್ರಿಕಾ ನಿರ್ಬಂಧದ ಕಾಯಿದೆ ಬಂದಾಗ ತಾತಯ್ಯ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು.

ಈಚಿನದನ್ನೂ ನೋಡಿ. 2017ರ ಜೂನ್‌ನಲ್ಲಿ ಕರ್ನಾಟಕ ವಿಧಾನಸಭೆ ಹಕ್ಕುಚ್ಯುತಿಯ, ಅಂದರೆ ಶಾಸಕರ ವಿಶೇಷ ಹಕ್ಕಿಗೆ ಧಕ್ಕೆ ತಂದರೆಂಬ, ಹೆಸರಿನಲ್ಲಿ ಇಬ್ಬರು ಪತ್ರಿಕಾ ಸಂಪಾದಕರಿಗೆ ಒಂದು ವರ್ಷ ಜೈಲು, 10 ಸಾವಿರ ರೂಪಾಯಿ ದಂಡ ವಿಧಿಸಿತು. ಆ ಪತ್ರಿಕೆಗಳ ಭಾಷೆ ನನಗೆ ಹಿಡಿಸುತ್ತಿರಲಿಲ್ಲ. ಆದರೆ ದೂರುದಾರರೂ ನ್ಯಾಯಾಧೀಶರೂ ಒಂದೇ ಸದನದವರು ಎಂಬುದು ಇನ್ನೂ ಹಿಡಿಸಲಿಲ್ಲ. ಅದೇ ವರ್ಷದ ಸೆಪ್ಟೆಂಬರ್ 5ರ ರಾತ್ರಿ ರಾಜರಾಜೇಶ್ವರಿ ನಗರದ ಮನೆಯ ಬಾಗಿಲಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರ ಕೊಲೆಯಾಯಿತು. ಅವರು ಬರೆದ ಕೊನೆಯ ಸಂಪಾದಕೀಯ ಸುಳ್ಳು ಸುದ್ದಿಯ ಬಗ್ಗೆಯೇ ಇತ್ತು. 2019ರ ಅಕ್ಟೋಬರ್‌ನಲ್ಲಿ ವಿಧಾನಸಭೆಯ ಒಳಗೆ ಖಾಸಗಿ ವಾಹಿನಿಗಳ ಕ್ಯಾಮೆರಾಗಳನ್ನು ನಿರ್ಬಂಧಿಸಲಾಯಿತು. ಸದನದ ಯಾವ ಮುಖ ನಮಗೆ ಕಾಣಬೇಕು ಎಂಬುದು ಆಗ ಸರ್ಕಾರಿ ಕ್ಯಾಮೆರಾದ ಆಯ್ಕೆಯಾಯಿತು. 2025ರ ಜುಲೈನಲ್ಲಿ ಧರ್ಮಸ್ಥಳ ಪ್ರಕರಣದಲ್ಲಿ ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದು ಎದುರು ಪಕ್ಷದ ಮಾತು ಕೇಳುವ ಮೊದಲೇ 8,842 ಕೊಂಡಿಗಳನ್ನು ಅಳಿಸಲು ತಾತ್ಕಾಲಿಕ ಆದೇಶ ಕೊಟ್ಟಿತ್ತು. ಯೂಟ್ಯೂಬ್ ವಾಹಿನಿಯೊಂದು ಹೈಕೋರ್ಟಿಗೆ ಹೋಗಿ ಅದರಿಂದ ಬಿಡುಗಡೆ ಪಡೆಯಿತು. ‘ನ್ಯಾಯಾಲಯದ ತಡೆ’ ಎಂದು ಓದಿದಾಗ ಎರಡು ಪ್ರಶ್ನೆ ಕೇಳಿ: ಇದು ಅಂತಿಮ ತೀರ್ಪೇ, ತಾತ್ಕಾಲಿಕವೇ? ಎದುರು ಪಕ್ಷದವರಿಗೆ ಮಾತಾಡಲು ಅವಕಾಶ ಸಿಕ್ಕಿತ್ತೇ?

ಸುಳ್ಳು ಸುದ್ದಿಗೆ ಏಳು ವರ್ಷದವರೆಗೆ ಜೈಲು ಎಂಬ ಕರಡು ಮಸೂದೆಯೊಂದು ಅದೇ ವರ್ಷ ನಮ್ಮ ರಾಜ್ಯದಲ್ಲಿ ಚರ್ಚೆಗೆ ಬಂತು. ಕೇಂದ್ರ ಸರ್ಕಾರವೇ ತನ್ನ ಬಗೆಗಿನ ಸುದ್ದಿಯ ಸತ್ಯಾಸತ್ಯ ತೀರ್ಮಾನಿಸುವ ಘಟಕದ ನಿಯಮವನ್ನು ಬಾಂಬೆ ಹೈಕೋರ್ಟ್ 2024ರಲ್ಲಿ ರದ್ದು ಮಾಡಿತ್ತು. ಪಕ್ಷ ಯಾವುದೇ ಇರಲಿ, ಸುದ್ದಿಯ ನಿಜ ತೀರ್ಮಾನಿಸುವ ಆ ಕುರ್ಚಿಯ ಮೇಲೆ ಎಲ್ಲರಿಗೂ ಕಣ್ಣು. ನನ್ನ ಮತ ಇಷ್ಟೇ: ತಪ್ಪು ಸುದ್ದಿಗೆ ಮದ್ದು ತಿದ್ದುಪಡಿ, ಅದೂ ತಪ್ಪು ಬಂದ ಪುಟದಲ್ಲೇ, ತಪ್ಪಿನಷ್ಟೇ ಗಾತ್ರದ ಅಕ್ಷರದಲ್ಲಿ.

7. ದೂರು ಬರೆಯಿರಿ

ಮೊದಲು ಸಂಪಾದಕರಿಗೆ. ದಿನಾಂಕ, ಪುಟ, ತಲೆಬರಹ, ತಪ್ಪು ಯಾವುದು, ಸರಿ ಯಾವುದು, ಪುರಾವೆ ಏನು. ಬೈಗುಳ ಬೇಡ. ಡೆಸ್ಕಿನಲ್ಲಿ ಬೈಗುಳದ ಪತ್ರಗಳನ್ನು ನಾವು ಗಟ್ಟಿಯಾಗಿ ಓದಿ ನಗುತ್ತಿದ್ದೆವು. ಸರ್ವೆ ನಂಬರು ಹಾಕಿ ಬರೆದ ಪತ್ರ ಬಂದಾಗ ಮಾತ್ರ ಯಾರೂ ನಗುತ್ತಿರಲಿಲ್ಲ.

ಉತ್ತರ ಬಾರದಿದ್ದರೆ ನವದೆಹಲಿಯ ಲೋಧಿ ರಸ್ತೆಯ ಸೂಚನಾ ಭವನದಲ್ಲಿರುವ ಭಾರತೀಯ ಪತ್ರಿಕಾ ಮಂಡಳಿಗೆ ಹೋಗಬಹುದು. ದಿನಪತ್ರಿಕೆ, ವಾರಪತ್ರಿಕೆಯಾದರೆ ಪ್ರಕಟವಾದ ಎರಡು ತಿಂಗಳೊಳಗೆ, ಉಳಿದವಕ್ಕೆ ನಾಲ್ಕು ತಿಂಗಳೊಳಗೆ. ಸಂಪಾದಕರಿಗೆ ಬರೆದ ಪತ್ರದ ಪ್ರತಿ, ಮೂಲ ತುಣುಕು ಮತ್ತು ಅದರ ಇಂಗ್ಲಿಷ್ ಅನುವಾದ ಲಗತ್ತಿಸಬೇಕು. ಕನ್ನಡದ ತಪ್ಪನ್ನು ಇಂಗ್ಲಿಷಿಗೆ ಅನುವಾದಿಸುವ ಕಷ್ಟ ಏನೆಂದು ನಿಮಗೆ ಆಗ ತಿಳಿಯುತ್ತದೆ; ‘ಎನ್ನಲಾಗಿದೆ’ಯನ್ನೇ ಪ್ರಯತ್ನಿಸಿ ನೋಡಿ. ಮಂಡಳಿ ದಂಡ ಹಾಕುವಂತಿಲ್ಲ, ಎಚ್ಚರಿಸಬಹುದು, ಛೀಮಾರಿ ಹಾಕಬಹುದು. ಟಿವಿ ಅದರ ವ್ಯಾಪ್ತಿಗೆ ಬರುವುದಿಲ್ಲ.

ವಾಹಿನಿಯ ವಿರುದ್ಧವಾದರೆ ಪ್ರಸಾರವಾದ ಏಳು ದಿನದೊಳಗೆ ಆ ವಾಹಿನಿಯ ಕುಂದುಕೊರತೆ ಅಧಿಕಾರಿಗೇ ಮೊದಲು ಬರೆಯಿರಿ. 2021ರ ಕೇಬಲ್ ನಿಯಮದ ಪ್ರಕಾರ ಅವರು 15 ದಿನದೊಳಗೆ ಉತ್ತರಿಸಬೇಕು. ಉತ್ತರ ಒಪ್ಪಿಗೆಯಾಗದಿದ್ದರೆ ಅವರು ಸದಸ್ಯರಾಗಿರುವ ಸ್ವಯಂ ನಿಯಂತ್ರಣ ಸಂಸ್ಥೆಗೆ ಮೇಲ್ಮನವಿ. ಕಾರ್ಯಕ್ರಮದ ನಿಖರ ಸಮಯ ಬರೆದಿಟ್ಟುಕೊಂಡಿರದಿದ್ದರೆ ದೂರು ಬಾಗಿಲಲ್ಲೇ ಬಿದ್ದುಹೋಗುತ್ತದೆ.

8. ಹತ್ತು ರೂಪಾಯಿಯ ಒಂದು ಅರ್ಜಿ

ಇದು ನನಗೆ ಎಲ್ಲಕ್ಕಿಂತ ಪ್ರಿಯವಾದ ಹೆಜ್ಜೆ. ಸರ್ಕಾರದ ಜಾಹೀರಾತು ನಮ್ಮ ತೆರಿಗೆಯ ಹಣ. ಅದು ಯಾವ ಪತ್ರಿಕೆಗೆ, ಯಾವ ವಾಹಿನಿಗೆ ಎಷ್ಟು ಹೋಯಿತು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಅರ್ಜಿ ಹೋಗಬೇಕಾದದ್ದು ಬೆಂಗಳೂರಿನ ಭಗವಾನ್ ಮಹಾವೀರ ರಸ್ತೆಯ, ಹಳಬರ ಬಾಯಲ್ಲಿ ಇನ್‌ಫೆಂಟ್ರಿ ರಸ್ತೆಯ, ವಾರ್ತಾ ಸೌಧಕ್ಕೆ, ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು. 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ಒಕ್ಕಣೆ ಹೀಗಿರಲಿ:

‘2023-24 ಮತ್ತು 2024-25ನೇ ಆರ್ಥಿಕ ವರ್ಷಗಳಲ್ಲಿ ತಮ್ಮ ಇಲಾಖೆಯ ಮೂಲಕ ದಿನಪತ್ರಿಕೆಗಳು, ಸುದ್ದಿವಾಹಿನಿಗಳು ಮತ್ತು ಜಾಲತಾಣಗಳಿಗೆ ನೀಡಲಾದ ಜಾಹೀರಾತುಗಳಿಗಾಗಿ ಪಾವತಿಸಿದ ಮೊತ್ತವನ್ನು ಸಂಸ್ಥೆವಾರು, ವರ್ಷವಾರು ಪಟ್ಟಿಯ ರೂಪದಲ್ಲಿ ಒದಗಿಸಲು ಕೋರುತ್ತೇನೆ.’

ಇಲ್ಲಿಯೂ ಒಂದು ‘ನೀಡಲಾದ’ ನುಸುಳಿದೆ, ಹಳೆಯ ಚಾಳಿ. ಇರಲಿ, ಕೊಟ್ಟವರು ಯಾರು ಎಂದು ಈ ಸಲ ಕಡತವೇ ಹೇಳಬೇಕು. ಉತ್ತರ 30 ದಿನದೊಳಗೆ ಬರಬೇಕು. ಬಾರದಿದ್ದರೆ ಅಲ್ಲಿಂದ 30 ದಿನದೊಳಗೆ ಅದೇ ಇಲಾಖೆಯ ಮೇಲ್ಮನವಿ ಅಧಿಕಾರಿಗೆ ಮೊದಲ ಮೇಲ್ಮನವಿ. ಅರ್ಜಿಯನ್ನು ಸ್ಪೀಡ್ ಪೋಸ್ಟ್‌ನಲ್ಲೇ ಕಳಿಸಿ. ಅರ್ಜಿಯ ಪ್ರತಿ ಮತ್ತು ಅಂಚೆಯ ರಸೀದಿ ಎರಡನ್ನೂ ನೋಟ್‌ಬುಕ್ಕಿನ ‘ಆಗದೆ ಇರುವುದು’ ಹಾಳೆಗೆ ಪಿನ್ ಮಾಡಿ ಇಟ್ಟುಕೊಳ್ಳಿ. 31ನೆಯ ದಿನ ಬೇಕಾಗುವುದು ಅವೇ.